ದತ್ತಸಂಚಯದ ಪಾಠದೋಷ: ಹುಸಿ ವರದಿಗಳ ಸ್ವರೂಪ ಮತ್ತು ಪರಿಶೀಲನಕ್ರಮ

ಹಸ್ತಪ್ರತಿಯೊಂದನ್ನು ಪರಿಷ್ಕರಿಸುವ ಸಂಪಾದಕನಿಗೆ ಅರ್ಥವಾಗದ ಪದವೊಂದು ಎದುರಾದಾಗ ಎರಡು ಸಾಧ್ಯತೆಗಳಿರುತ್ತವೆ. ಲಿಪಿಕಾರನ ಕೈಯಲ್ಲಿ ಪಾಠ ಕೆಟ್ಟಿರಬಹುದು. ಇಲ್ಲವೇ ಪಾಠ ಶುದ್ಧವಾಗಿಯೇ ಇದ್ದು ಅದು ಸಂಪಾದಕನ ತಿಳಿವಳಿಕೆಗೆ ಎಟುಕದೆ ಹೋಗಿರಬಹುದು. ಎರಡನೆಯ ಸಾಧ್ಯತೆಯನ್ನು ಮರೆತ ಸಂಪಾದಕ ಶುದ್ಧಪಾಠವನ್ನೇ ತಿದ್ದಿ ಅಪಪಾಠವನ್ನು ಸೃಷ್ಟಿಸುತ್ತಾನೆ. ಕ್ಲಿಷ್ಟಪಾಠವನ್ನು ಅವಸರದಲ್ಲಿ ತಳ್ಳಿಹಾಕಬಾರದೆಂಬ ಗ್ರಂಥಸಂಪಾದನಶಾಸ್ತ್ರದ ಎಚ್ಚರಿಕೆ ಹುಟ್ಟಿದ್ದು ಈ ಅನುಭವದಿಂದ. ‘ಇಲ್ಲಿ ಪಾಠ ಕೆಟ್ಟಿದೆ’ ಎನ್ನುವುದು ಒಂದು ಪ್ರತಿಜ್ಞೆ. ಅದಕ್ಕೂ ಪ್ರಮಾಣ ಬೇಕು.

ಇಂದು ಕನ್ನಡದ ಪಠ್ಯಗಳು, ಶಾಸನಪಾಠಗಳು, ಪದಕೋಶಗಳು, ಹಸ್ತಪ್ರತಿ ಸೂಚಿಗಳು ಗಣಕದ ದತ್ತಸಂಚಯಗಳಲ್ಲಿ, ಅಂದರೆ ಡೇಟಾಬೇಸ್‌ಗಳಲ್ಲಿ, ಶೇಖರಗೊಳ್ಳುತ್ತಿವೆ. ಇವುಗಳನ್ನು ಬಳಸುವವರಿಂದ ‘ದತ್ತಾಂಶ ಕೆಟ್ಟಿದೆ’, ‘ಪದಗಳು ಅಳಿಸಿಹೋಗಿವೆ’ ಎಂಬ ದೂರುಗಳು ಆಗಾಗ ಬರುವುದು ಸಹಜ. ಅವುಗಳಲ್ಲಿ ಕೆಲವು ನಿಜ. ಹಲವು ಸಂದರ್ಭಗಳಲ್ಲಿ ಮಾತ್ರ ದತ್ತಾಂಶ ಇದ್ದಹಾಗೆಯೇ ಇರುತ್ತದೆ, ಕೆಟ್ಟಂತೆ ತೋರುತ್ತದೆ. ಇಂಥ ವರದಿಗಳನ್ನು ಇಲ್ಲಿ ‘ಹುಸಿ ವರದಿ’ ಎಂದು ಕರೆಯಲಾಗಿದೆ. ವರದಿ ಮಾಡಿದವರು ಸುಳ್ಳು ಹೇಳುತ್ತಿದ್ದಾರೆಂಬುದು ಇದರ ಅರ್ಥವಲ್ಲ. ಅವರಿಗೆ ಕಂಡದ್ದು ನಿಜ. ಕಂಡದ್ದರಿಂದ ಮಾಡಿದ ಅನುಮಾನ ಮಾತ್ರ ನಿಲ್ಲುವುದಿಲ್ಲ. ಹುಸಿ ವರದಿಗಳು ಹೇಗೆ ಹುಟ್ಟುತ್ತವೆ, ಅವುಗಳನ್ನು ನಂಬಿ ಕೈಗೊಂಡ ದುರಸ್ತಿ ಹೇಗೆ ನಿಜವಾದ ದೋಷಕ್ಕೆ ಕಾರಣವಾಗುತ್ತದೆ, ಪರಿಶೀಲನೆಯ ಕ್ರಮ ಯಾವುದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ದೋಷದ ನೆಲೆಗಳು

ಗಣಕದಲ್ಲಿ ಕನ್ನಡ ಪಠ್ಯವು ನಾಲ್ಕು ನೆಲೆಗಳಲ್ಲಿ ಇರುತ್ತದೆ. ಮೊದಲನೆಯದು ಸಂಗ್ರಹದ ನೆಲೆ. ಇಲ್ಲಿರುವುದು ಬೈಟ್‌ಗಳೆಂಬ ಸಂಖ್ಯೆಗಳು ಮಾತ್ರ. ಎರಡನೆಯದು ಆ ಸಂಖ್ಯೆಗಳನ್ನು ಅಕ್ಷರಗಳೆಂದು ಅರ್ಥೈಸುವ ಸಂಕೇತಕ್ರಮದ ನೆಲೆ. ಮೂರನೆಯದು ಫಾಂಟಿನ ನೆರವಿನಿಂದ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವ ಪ್ರದರ್ಶನದ ನೆಲೆ. ನಾಲ್ಕನೆಯದು ಪದಗಳನ್ನು ಹುಡುಕಲು, ಅಕಾರಾದಿಯಾಗಿ ಜೋಡಿಸಲು ಬೇಕಾದ ಸೂಚಿಯ ನೆಲೆ. ದತ್ತಾಂಶ ಕೆಟ್ಟಿದೆ ಎನ್ನಬೇಕಾದರೆ ಮೊದಲನೆಯ ನೆಲೆಯಲ್ಲಿ ವ್ಯತ್ಯಾಸವಾಗಿರಬೇಕು. ಉಳಿದ ಮೂರರಲ್ಲಿ ಉಂಟಾಗುವ ತೊಡಕು ತೊಡಕೇ ಆದರೂ ಮೂಲಪಾಠಕ್ಕೆ ತಗುಲಿದ ದೋಷವಲ್ಲ. ಓದುಗನಿಗೆ ಕಾಣುವುದು ತೆರೆಯೊಂದೇ ಆದ್ದರಿಂದ ನಾಲ್ಕೂ ನೆಲೆಗಳ ತೊಡಕು ಅವನಿಗೆ ಒಂದೇ ಆಗಿ ತೋರುತ್ತದೆ. ಹುಸಿ ವರದಿಯ ಬೇರು ಇಲ್ಲಿದೆ.

ಯೂನಿಕೋಡ್ ಕ್ರಮದಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಕೇತಸಂಖ್ಯೆಗಳು ಮೀಸಲಾಗಿವೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಯುಟಿಎಫ್-8 ಎಂಬ ರೂಪದಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳಾಗಿ ಶೇಖರವಾಗುತ್ತದೆ. ಉದಾಹರಣೆಗೆ ‘ಕ’ ಎಂಬುದು 224, 178, 149 ಎಂಬ ಮೂರು ಸಂಖ್ಯೆಗಳು. ಕನ್ನಡದ ಎಲ್ಲ ಸಂಕೇತಗಳಲ್ಲಿಯೂ ಮೊದಲ ಬೈಟ್ 224. ಎರಡನೆಯದು 178 ಅಥವಾ 179. ಈ ಸಣ್ಣ ಸಂಗತಿ ಪರಿಶೀಲನೆಯಲ್ಲಿ ತುಂಬ ಉಪಯುಕ್ತ.

2. ರೂಪಗೆಟ್ಟಂತೆ ಕಾಣುವ ಪಾಠ

ತೆರೆಯ ಮೇಲೆ ಕನ್ನಡ ವಿಕಾರವಾಗಿ ಕಾಣುವ ಬಗೆಗಳು ಹಲವು. ಅವುಗಳ ಲಕ್ಷಣಗಳನ್ನು ಬೇರ್ಪಡಿಸಿ ಗುರುತಿಸಿದರೆ ರೋಗನಿದಾನ ಅರ್ಧ ಮುಗಿದಂತೆ.

ಅಕ್ಷರದ ಬದಲು ಖಾಲಿ ಚೌಕ ಕಂಡರೆ ಆ ಅಕ್ಷರ ಫಾಂಟಿನಲ್ಲಿಲ್ಲ ಎಂದಷ್ಟೇ ಅರ್ಥ. ಹಳಗನ್ನಡ ಪಠ್ಯಗಳಲ್ಲಿ ೞಕಾರ, ಱಕಾರಗಳಿಗೆ ಹೀಗಾಗುವುದುಂಟು. ನಕಾರಪೊಲ್ಲು ಯೂನಿಕೋಡಿಗೆ ಸೇರಿದ್ದು 2021ರಲ್ಲಿ. ಅದಕ್ಕಿಂತ ಹಿಂದಿನ ಫಾಂಟುಗಳಲ್ಲಿ ಅದು ಚೌಕವಾಗಿಯೇ ತೋರಬಹುದು. ಫಾಂಟು ಬದಲಾದರೆ ಅಕ್ಷರ ಕಾಣಿಸಿಕೊಳ್ಳುತ್ತದೆ.

ಕನ್ನಡದ ಬದಲು ತಲೆಯ ಮೇಲೆ ಓರೆಗೀಟಿರುವ ರೋಮನ್ ‘ಎ’ ಅಕ್ಷರವೂ ಅದರ ಪಕ್ಕದಲ್ಲಿ ಮೇಲಕ್ಕೇರಿಸಿದ ಸಣ್ಣ 2 ಅಥವಾ 3 ಅಂಕಿಯೂ ಮತ್ತೆ ಮತ್ತೆ ಕಂಡರೆ ಎರಡನೆಯ ನೆಲೆಯಲ್ಲಿ ತೊಡಕಾಗಿದೆ. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಇರುವ ವಿಂಡೋಸ್-1252 ಎಂಬ ಸಂಕೇತಕ್ರಮದಲ್ಲಿ 224, 178, 179 ಎಂಬ ಸಂಖ್ಯೆಗಳಿಗೆ ಇವೇ ಅರ್ಥ. ಅಂದರೆ ಕನ್ನಡದ ಬೈಟ್‌ಗಳನ್ನು ತಂತ್ರಾಂಶ ಬೇರೊಂದು ಕ್ರಮದಲ್ಲಿ ಓದುತ್ತಿದೆ. ದತ್ತಸಂಚಯದಿಂದ ಇಳಿಸಿಕೊಂಡ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಹೀಗಾಗುವುದು ಸಾಮಾನ್ಯ. ವಿಕಾರದ ನಡುವೆಯೂ ಈ ಕ್ರಮಬದ್ಧತೆ ಕಾಣುತ್ತಿದ್ದರೆ ಅದು ಮೂಲ ಉಳಿದಿರುವುದರ ಕುರುಹು.

ರೋಮನ್ ಅಕ್ಷರಗಳೂ ಚಿಹ್ನೆಗಳೂ ಬೆರೆತ, ಆದರೆ ಮೇಲೆ ಹೇಳಿದ ಕ್ರಮವಿಲ್ಲದ ಪಠ್ಯ ಕಂಡರೆ ಅದು ಯೂನಿಕೋಡ್ ಪೂರ್ವದ ಬರೆಹವಾಗಿರಬಹುದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ರೂಪಗಳನ್ನು ತೊಡಿಸಲಾಗಿತ್ತು. ಫಾಂಟು ತಪ್ಪಿದರೆ ತೊಡಿಸಿದ ವೇಷ ಕಳಚಿ ರೋಮನ್ ಅಕ್ಷರಗಳು ಹೊರಬೀಳುತ್ತವೆ. ಯಾವ ಫಾಂಟಿನಲ್ಲಿ ಬರೆದದ್ದು ಎಂಬ ಮಾಹಿತಿಯೇ ಇಲ್ಲಿ ಬೀಗದ ಕೈ.

ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಗಾಬರಿಗೆ ಕಾರಣವಿದೆ. ಕನ್ನಡಕ್ಕೆ ಸ್ಥಾನವಿಲ್ಲದ ಸಂಕೇತಕ್ರಮಕ್ಕೆ ಪಠ್ಯವನ್ನು ಪರಿವರ್ತಿಸಿದಾಗ ಪ್ರತಿಯೊಂದು ಅಕ್ಷರದ ಜಾಗದಲ್ಲಿಯೂ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. ಆ ಪರಿವರ್ತನೆ ತೆರೆಗೆ ಕಳಿಸುವಾಗ ಆಗಿದ್ದರೆ ಮೂಲ ಸುರಕ್ಷಿತ. ಸಂಗ್ರಹಿಸುವಾಗಲೇ ಆಗಿದ್ದರೆ ಮೂಲವೇ ಹೋಗಿದೆ. ಬೈಟ್‌ಗಳನ್ನು ನೋಡಿದರೆ ಸಂದೇಹ ಪರಿಹಾರವಾಗುತ್ತದೆ. ಎಲ್ಲೆಡೆ 63 ಎಂಬ ಸಂಖ್ಯೆಯೇ ಇದ್ದರೆ ಅದು ಪ್ರಶ್ನಾರ್ಥಕ ಚಿಹ್ನೆಯ ಸಂಖ್ಯೆ. ಅಲ್ಲಿಂದ ಯಾವ ತಂತ್ರಾಂಶವೂ ಕನ್ನಡವನ್ನು ಮರಳಿ ತರಲಾರದು.

‘ಕಾರ್ಯಕ್ರಮ’ ಎಂಬುದು ‘ಕಾಯರ್ಕ್ರಮ’ ಎಂದೂ ‘ಸೂರ್ಯ’ ಎಂಬುದು ‘ಸೂಯರ್’ ಎಂದೂ ಕಾಣುವ ಬಗೆ ಇವೆಲ್ಲಕ್ಕಿಂತ ಭಿನ್ನ. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಬರೆಯುವ ಕ್ರಮದಂತೆ ಅಕ್ಷರದ ಅನಂತರ ಶೇಖರವಾಗುತ್ತಿತ್ತು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರುತ್ತದೆ. ಈ ವ್ಯತ್ಯಾಸವನ್ನು ಗಮನಿಸದ ಪರಿವರ್ತಕವು ಇಂಥ ರೂಪಗಳನ್ನು ನೀಡುತ್ತದೆ. ಇದು ಹುಸಿಯಲ್ಲ, ನಿಜವಾದ ದೋಷ. ಆದರೆ ದತ್ತಸಂಚಯ ಕೆಟ್ಟುದರಿಂದ ಆದದ್ದಲ್ಲ. ಪರಿವರ್ತನೆಯ ಹಂತದಲ್ಲಿ ನಿಯಮಬದ್ಧವಾಗಿ ನುಸುಳಿದ್ದು. ಮೂಲಪ್ರತಿಯಿದ್ದರೆ ಸರಿಯಾದ ಪರಿವರ್ತಕದಿಂದ ಮತ್ತೆ ಪರಿವರ್ತಿಸುವುದೇ ಇದಕ್ಕೆ ಮದ್ದು.

3. ಕಾಣೆಯಾದಂತೆ ತೋರುವ ಪದ

ಎರಡನೆಯ ಬಗೆಯ ದೂರು ಇನ್ನೂ ಸೂಕ್ಷ್ಮವಾದುದು. ನಿನ್ನೆ ಇದ್ದ ಪದ ಇಂದು ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಅಳಿಸಿಹೋಗಿದೆ ಎಂದು ಬಳಕೆದಾರ ತೀರ್ಮಾನಿಸುತ್ತಾನೆ. ಶೋಧದಲ್ಲಿ ದೊರೆಯದಿರುವುದು ಅಭಾವಕ್ಕೆ ಪ್ರಮಾಣವಲ್ಲ.

ಕನ್ನಡದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಪದಗಳು ಗಣಕಕ್ಕೆ ಬೇರೆಬೇರೆಯಾಗಿರಬಹುದು. ಒಕಾರದ ಚಿಹ್ನೆಯನ್ನು 3274 ಎಂಬ ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ 3270 ಮತ್ತು ಊಕಾರದ 3266 ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ, ಆದರೆ ಬೈಟ್‌ಗಳನ್ನಷ್ಟೇ ಹೋಲಿಸುವ ಶೋಧಕ್ಕೆ ಈ ಸಮಾನತೆ ತಿಳಿಯದು. ಅರ್ಕಾವೊತ್ತಿನ ಬದಲು ಪೂರ್ಣ ರಕಾರಕ್ಕೆ ಒತ್ತು ಕೊಟ್ಟು ಬರೆಯಲು ಕಣ್ಣಿಗೆ ಕಾಣದ ಜೋಡಕಸಂಕೇತವೊಂದನ್ನು ನಡುವೆ ಸೇರಿಸಬೇಕು. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ವಕಾರ ಒತ್ತಾಗದಂತೆ ತಡೆಯಲು ಇನ್ನೊಂದು ಅದೃಶ್ಯ ಸಂಕೇತವಿದೆ. ಇವುಗಳನ್ನು ಬಿಟ್ಟು ಹುಡುಕಿದರೆ ಪದ ಸಿಗದಿರಬಹುದು. ಅನುಸ್ವಾರದ ಸಂಕೇತ 3202, ಕನ್ನಡ ಸೊನ್ನೆಯದು 3302. ನೋಟಕ್ಕೆ ಎರಡೂ ಒಂದೇ ವೃತ್ತ. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿದ ಪದ ಓದಲು ಸಿಗುತ್ತದೆ, ಹುಡುಕಲು ಸಿಗುವುದಿಲ್ಲ. ಇದು ಬೆರಳಚ್ಚಿನ ತಪ್ಪು, ಹೊಸಕಾಲದ ಲಿಪಿಕಾರಸ್ಖಾಲಿತ್ಯ.

ಅಕಾರಾದಿಯ ವಿಷಯವೂ ಹೀಗೆಯೇ. ಯೂನಿಕೋಡಿನಲ್ಲಿ ಳಕಾರದ ಸಂಖ್ಯೆ 3251, ೞಕಾರದ ಸಂಖ್ಯೆ 3294. ಸ್ವರಚಿಹ್ನೆಗಳೂ 3277ರಲ್ಲಿರುವ ಹಲಂತಚಿಹ್ನೆಯೂ ಇವೆರಡರ ನಡುವೆ ಬರುತ್ತವೆ. ಸಂಕೇತಸಂಖ್ಯೆಯನ್ನೇ ಅನುಸರಿಸಿ ಪದಗಳನ್ನು ಜೋಡಿಸುವ ದತ್ತಸಂಚಯದಲ್ಲಿ ‘ಪೞಗನ್ನಡ’ ಎಂಬ ಪದ ‘ಪಳ’ ಎಂದು ತೊಡಗುವ ಪದಗಳ ಆಸುಪಾಸಿನಲ್ಲಿ ಇರುವುದಿಲ್ಲ. ‘ಪ್ರೌಢ’ವನ್ನೂ ದಾಟಿ ಪಕಾರದ ಕೊನೆಗೆ ಹೋಗಿ ಕೂರುತ್ತದೆ. ನಿಘಂಟಿನ ಕ್ರಮಕ್ಕೆ ಒಗ್ಗಿದ ಸಂಶೋಧಕ ಅದು ಬಿಟ್ಟುಹೋಗಿದೆ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಇದೇ ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬರ್ಥದ ಹೆಸರು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಹೆಸರು ಹಾಗೆಯೇ ಉಳಿದು, ಅದು ತಪ್ಪೆಂಬ ಟಿಪ್ಪಣಿ ಮಾತ್ರ ಸೇರಿದೆ. ಸಂಕೇತಗಳ ಹೆಸರನ್ನು ನೋಡಿದವರಿಗೆ ೞಕಾರವೆಲ್ಲ ಫಕಾರವಾಗಿ ಕೆಟ್ಟಿದೆ ಎಂದು ತೋರುವುದು ಹುಸಿ ವರದಿಯ ಅಚ್ಚುಕಟ್ಟಾದ ನಿದರ್ಶನ.

ಸೂಚಿಯೇ ಕೆಡುವುದೂ ಉಂಟು. 2018ರಲ್ಲಿ ಬಿಡುಗಡೆಯಾದ ಗ್ಲಿಬ್‌ಸಿ 2.28 ಎಂಬ ಲಿನಕ್ಸ್ ಲೈಬ್ರರಿಯಲ್ಲಿ ಪದಗಳ ಅನುಕ್ರಮದ ನಿಯಮಗಳು ಬದಲಾದವು. ಹಳೆಯ ನಿಯಮದಂತೆ ಕಟ್ಟಿದ ಸೂಚಿಯನ್ನು ಹೊಸ ನಿಯಮದಂತೆ ಓದಿದ ಪೋಸ್ಟ್‌ಗ್ರೆಸ್ ದತ್ತಸಂಚಯಗಳಲ್ಲಿ ಇರುವ ದಾಖಲೆಗಳೂ ಶೋಧದಲ್ಲಿ ಸಿಗದಂತಾದವು. ಕೆಟ್ಟದ್ದು ಸೂಚಿ, ದಾಖಲೆಗಳಲ್ಲ. ಸೂಚಿಯನ್ನು ಮತ್ತೆ ಕಟ್ಟಿದರೆ ‘ಕಳೆದುಹೋದ’ ದಾಖಲೆಗಳು ಮರಳಿ ದೊರೆಯುತ್ತವೆ. ಗ್ರಂಥದ ಕೊನೆಯ ಪದಸೂಚಿಯಲ್ಲಿ ಪುಟಸಂಖ್ಯೆ ತಪ್ಪಿದ್ದರೆ ಗ್ರಂಥವೇ ನಷ್ಟವಾಯಿತೆಂದು ಯಾರೂ ಹೇಳುವುದಿಲ್ಲ. ಇಲ್ಲಿಯೂ ಅದೇ ವಿವೇಕ ಬೇಕು. ಆದರೆ ಕೆಟ್ಟ ಸೂಚಿಯನ್ನು ನಂಬಿ ಪದ ಇಲ್ಲವೆಂದು ಮತ್ತೊಮ್ಮೆ ಸೇರಿಸಿದರೆ ಒಂದೇ ಪದಕ್ಕೆ ಎರಡು ದಾಖಲೆಗಳಾಗಿ ನಿಜವಾದ ಗೊಂದಲ ತೊಡಗುತ್ತದೆ.

4. ದುರಸ್ತಿಯಿಂದ ಹುಟ್ಟುವ ದೋಷ

ಹುಸಿ ವರದಿಯಿಂದ ತಾನಾಗಿ ಯಾವ ಹಾನಿಯೂ ಇಲ್ಲ. ಅದನ್ನು ನಂಬಿ ಕೈಗೊಳ್ಳುವ ತಿದ್ದುಪಡಿಯಲ್ಲಿ ಹಾನಿಯಿದೆ. ಮೇಲೆ ವಿವರಿಸಿದ ವಿಂಡೋಸ್-1252ರ ಸಂದರ್ಭವನ್ನು ಮತ್ತೆ ತೆಗೆದುಕೊಳ್ಳಬಹುದು. ವಿಕಾರವಾಗಿ ಕಂಡ ಪಠ್ಯವನ್ನು ಅದೇ ರೂಪದಲ್ಲಿ ಯುಟಿಎಫ್-8 ಕಡತವಾಗಿ ಉಳಿಸಿ ದತ್ತಸಂಚಯಕ್ಕೆ ಮರಳಿ ತುಂಬಿದರೆ ಸಂಕೇತೀಕರಣ ಇಮ್ಮಡಿಯಾಗುತ್ತದೆ. ಮೂರು ಬೈಟ್‌ಗಳಿದ್ದ ಅಕ್ಷರ ಆರು ಅಥವಾ ಏಳು ಬೈಟ್‌ಗಳಾಗುತ್ತದೆ. ಈ ಹಂತದಲ್ಲಿ ಇನ್ನೊಂದು ಅಪಾಯ ಅಡಗಿದೆ. ವಿಂಡೋಸ್-1252ರಲ್ಲಿ 129, 141, 143, 144, 157 ಎಂಬ ಐದು ಸಂಖ್ಯೆಗಳಿಗೆ ಅಕ್ಷರಗಳೇ ಇಲ್ಲ. ಕೆಲವು ತಂತ್ರಾಂಶಗಳು ಈ ಬೈಟ್‌ಗಳನ್ನು ಹಾಗೆಯೇ ದಾಟಿಸುತ್ತವೆ, ಕೆಲವು ಕೈಬಿಡುತ್ತವೆ, ಕೆಲವು ಅವುಗಳ ಬದಲು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತವೆ. ಕನ್ನಡದ ಹಲಂತಚಿಹ್ನೆಯ ಬೈಟ್‌ಗಳು 224, 179, 141. ಉಕಾರಚಿಹ್ನೆಯವು 224, 179, 129. ಏಕಾರ, ಐಕಾರ, ಝಕಾರಗಳ ಕೊನೆಯ ಬೈಟ್‌ಗಳು ಕ್ರಮವಾಗಿ 143, 144, 157.

ಇದರ ಪರಿಣಾಮವನ್ನು ಕನ್ನಡದ ಅಧ್ಯಾಪಕರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಒತ್ತಕ್ಷರಗಳೆಲ್ಲ ಹಲಂತಚಿಹ್ನೆಯನ್ನೇ ಆಶ್ರಯಿಸಿವೆ. ಕೊನೆಯ ಬೈಟ್ ಬಿದ್ದುಹೋದ ಮೇಲೆ ಹಲಂತಕ್ಕೂ ಉಕಾರಕ್ಕೂ ಉಳಿಯುವುದು 224, 179 ಎಂಬ ಒಂದೇ ಶೇಷ. ಅಲ್ಲಿ ಇದ್ದದ್ದು ‘ನೀರ್’ ಎಂಬುದೋ ‘ನೀರು’ ಎಂಬುದೋ, ‘ಬಾಳ್’ ಎಂಬುದೋ ‘ಬಾಳು’ ಎಂಬುದೋ ಯಂತ್ರಕ್ಕೆ ತಿಳಿಯದು. ವ್ಯಂಜನಾಂತವಾದ ಹಳಗನ್ನಡದ ಪದಗಳು ಉಕಾರಾಂತವಾಗುವುದು ಕನ್ನಡದ ಅವಸ್ಥಾಭೇದಗಳನ್ನು ಗುರುತಿಸುವ ಮುಖ್ಯ ಲಕ್ಷಣಗಳಲ್ಲೊಂದು. ಕಡತವನ್ನು ‘ಸರಿಪಡಿಸುವ’ ಒಂದು ತಪ್ಪುಹೆಜ್ಜೆ ಆ ಸಾಕ್ಷ್ಯವನ್ನೇ ಅಳಿಸಿಹಾಕಬಲ್ಲದು. ಆಮೇಲೆ ಉಳಿಯುವುದು ಊಹಾಪಾಠ ಮಾತ್ರ.

ೞಕಾರದ ವಿಷಯದಲ್ಲಿ ಇನ್ನೂ ಸುಲಭವಾದ ತಪ್ಪೊಂದು ಸಾಧ್ಯ. ಚೌಕವಾಗಿ ಕಾಣುವ ಅಕ್ಷರವನ್ನು ದೋಷವೆಂದು ಬಗೆದು ಎಲ್ಲ ೞಕಾರಗಳನ್ನೂ ಒಂದೇ ಆಜ್ಞೆಯಿಂದ ಳಕಾರವಾಗಿಸಿದರೆ ತೆರೆ ಸ್ವಚ್ಛವಾಗುತ್ತದೆ, ಓದು ಸುಗಮವಾಗುತ್ತದೆ. ಆದರೆ ಬದುಕು ಎಂಬರ್ಥದ ‘ಬಾೞ್’ ಮತ್ತು ಕತ್ತಿ ಎಂಬರ್ಥದ ‘ಬಾಳ್’, ನಾಶವಾಗು ಎಂಬರ್ಥದ ‘ಅೞಿ’ ಮತ್ತು ದುಂಬಿ ಎಂಬರ್ಥದ ‘ಅಳಿ’ ಒಂದಾಗಿಬಿಡುತ್ತವೆ. ೞಕಾರವನ್ನು ಳಕಾರ ಮಾಡಲು ಒಂದು ಆಜ್ಞೆ ಸಾಕು. ಳಕಾರಗಳಲ್ಲಿ ಯಾವುದು ಹಿಂದೆ ೞಕಾರವಾಗಿತ್ತೆಂದು ಹೇಳುವ ಆಜ್ಞೆ ಇಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ನಿರೂಪಿಸಲು ಶ್ರಮಪಟ್ಟದ್ದು ಈ ಬಗೆಯ ಬೆರಕೆಯನ್ನು ತಡೆಯುವುದಕ್ಕಾಗಿ. ಅವನು ಕಾದಿಟ್ಟ ಭೇದವನ್ನು ಫಾಂಟಿನ ಕೊರತೆಗಾಗಿ ಬಿಟ್ಟುಕೊಡುವುದು ಸಲ್ಲದು.

5. ಪರಿಶೀಲನೆಯ ಕ್ರಮ

ಈ ಹಿನ್ನೆಲೆಯಲ್ಲಿ ದೋಷದ ವರದಿ ಬಂದಾಗ ಅನುಸರಿಸಬೇಕಾದ ಕ್ರಮವನ್ನು ಹೀಗೆ ನಿರೂಪಿಸಬಹುದು.

ಮೊದಲನೆಯದಾಗಿ, ಪರಿಶೀಲನೆ ಮುಗಿಯುವವರೆಗೆ ಯಾವ ತಿದ್ದುಪಡಿಯನ್ನೂ ಮಾಡಬಾರದು. ದತ್ತಸಂಚಯದ ಈಗಿನ ಸ್ಥಿತಿಯ ಪ್ರತಿಯೊಂದನ್ನು ಬೇರೆಯಾಗಿ ತೆಗೆದಿಡಬೇಕು. ಹಳೆಯ ಕಾಪುಪ್ರತಿಯ ಮೇಲೆ ಹೊಸದನ್ನು ಬರೆಯಬಾರದು. ದೋಷ ನಿಜವಾಗಿದ್ದರೆ ಆ ಹಳೆಯ ಪ್ರತಿಯೇ ಕೊನೆಯ ಆಸರೆ.

ಎರಡನೆಯದಾಗಿ, ವರದಿಯನ್ನು ನಿರ್ದಿಷ್ಟಗೊಳಿಸಬೇಕು. ‘ಎಲ್ಲ ಕೆಟ್ಟಿದೆ’ ಎಂಬ ಮಾತಿನಿಂದ ಪರಿಶೀಲನೆ ಸಾಧ್ಯವಿಲ್ಲ. ಯಾವ ದಾಖಲೆ, ಯಾವ ಪದ, ಯಾವ ಅಕ್ಷರ, ಯಾವ ತಂತ್ರಾಂಶದಲ್ಲಿ ತೆರೆದಾಗ, ಇತರ ಗಣಕಗಳಲ್ಲಿಯೂ ಹಾಗೆಯೇ ಕಾಣುತ್ತದೆಯೇ ಎಂಬುದನ್ನು ಕೇಳಿ ದಾಖಲಿಸಬೇಕು. ತೆರೆಯ ಚಿತ್ರವೊಂದನ್ನು ಪಡೆದರೆ ಎರಡನೆಯ ಭಾಗದಲ್ಲಿ ವಿವರಿಸಿದ ಲಕ್ಷಣಗಳಿಂದ ಎಷ್ಟೋ ಸಂಗತಿ ಸ್ಪಷ್ಟವಾಗುತ್ತದೆ.

ಮೂರನೆಯದಾಗಿ, ಶಂಕಿತ ಪದದ ಬೈಟ್‌ಗಳನ್ನೇ ನೋಡಬೇಕು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲೈಟ್ ಮೂರರಲ್ಲಿಯೂ ಇದಕ್ಕೆ ಸೌಲಭ್ಯವಿದೆ. 224ರಿಂದ ತೊಡಗುವ ಮೂರು ಮೂರು ಬೈಟ್‌ಗಳ ಗುಂಪು ಕಂಡರೆ ಕನ್ನಡ ಅಲ್ಲಿದೆ. ಉದ್ದವನ್ನೂ ಎಣಿಸಬಹುದು. ‘ವಿಶ್ವವಿದ್ಯಾಲಯ’ ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು 6, ಯೂನಿಕೋಡ್ ಸಂಕೇತಗಳು 13, ಬೈಟ್‌ಗಳು 39. ಬೈಟ್‌ಗಳು ಸುಮಾರು ಇಮ್ಮಡಿಯಾಗಿದ್ದರೆ ಸಂಕೇತೀಕರಣ ಎರಡು ಸಲ ನಡೆದಿದೆ. ಕಡಿಮೆಯಾಗಿದ್ದರೆ ಪದ ತುಂಡಾಗಿದೆ.

ನಾಲ್ಕನೆಯದಾಗಿ, ಎರಡನೆಯ ಸಾಕ್ಷಿಯೊಡನೆ ಹೋಲಿಸಬೇಕು. ಹಿಂದಿನ ಕಾಪುಪ್ರತಿ, ಮುದ್ರಿತ ಗ್ರಂಥ, ಹಸ್ತಪ್ರತಿಯ ಛಾಯಾಚಿತ್ರ ಇವು ಇಲ್ಲಿ ಪ್ರತ್ಯಂತರಗಳಂತೆ ನೆರವಾಗುತ್ತವೆ.

ಐದನೆಯದಾಗಿ, ದತ್ತಸಂಚಯದ ಆಂತರಿಕ ಪರೀಕ್ಷೆಯನ್ನು ನಡೆಸಬೇಕು. ರಚನೆಯ ಲೋಪಗಳನ್ನು ಪತ್ತೆಹಚ್ಚುವ ಆಜ್ಞೆಗಳು ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಎಲೈಟ್‌ಗಳಲ್ಲಿವೆ. ಶೇಖರಿಸಿದ ಪುಟಗಳಿಗೆ ತಾಳೆಸಂಖ್ಯೆ ಇಡುವ ವ್ಯವಸ್ಥೆ ಪೋಸ್ಟ್‌ಗ್ರೆಸ್‌ಗೆ 2013ರ 9.3ನೆಯ ಆವೃತ್ತಿಯಲ್ಲಿ ಸೇರಿತು. ಆದರೆ ಇವುಗಳ ಮಿತಿಯನ್ನೂ ಅರಿತಿರಬೇಕು. ಬರೆದದ್ದೇ ಮರಳಿ ಬಂದಿದೆಯೇ ಎಂಬುದನ್ನಷ್ಟೇ ತಾಳೆಸಂಖ್ಯೆ ಹೇಳುತ್ತದೆ. ಬರೆದದ್ದು ಸರಿಯೇ ಎಂಬುದನ್ನು ಹೇಳುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಗಳಾಗಿಯೇ ಶೇಖರವಾದ ಕಾವ್ಯ ಈ ಪರೀಕ್ಷೆಯಲ್ಲಿ ನಿರ್ದೋಷವಾಗಿ ತೇರ್ಗಡೆಯಾಗುತ್ತದೆ. ಓದುಗನ ಕಣ್ಣು ಇಲ್ಲದ ದೋಷವನ್ನು ಕಾಣಬಹುದಾದಂತೆ ಯಂತ್ರದ ಪರೀಕ್ಷೆ ಇರುವ ದೋಷವನ್ನು ಕಾಣದಿರಬಹುದು. ಆದ್ದರಿಂದ ಒಂದನ್ನು ಇನ್ನೊಂದರಿಂದ ಒರೆಹಚ್ಚಬೇಕಾಗುತ್ತದೆ.

ಕೊನೆಯದಾಗಿ, ನಿರ್ಣಯವನ್ನು ಕಾರಣಸಹಿತವಾಗಿ ಬರೆದಿಡಬೇಕು. ವರದಿ ಹುಸಿಯೆಂದು ತಿಳಿದಾಗಲೂ ಬರೆದಿಡಬೇಕು. ಹುಸಿ ವರದಿಯ ಹಿಂದೆಯೂ ಫಾಂಟಿನ ಕೊರತೆ, ಶೋಧದ ಅಸಮರ್ಪಕತೆ, ಅಕಾರಾದಿಯ ತೊಡಕು ಮೊದಲಾಗಿ ಪರಿಹರಿಸಬೇಕಾದ ಸಮಸ್ಯೆಯೊಂದು ಇದ್ದೇ ಇರುತ್ತದೆ. ‘ದತ್ತಾಂಶ ಸರಿಯಿದೆ’ ಎಂಬ ಒಂದೇ ಮಾತಿನಿಂದ ದೂರನ್ನು ಮುಚ್ಚಿದರೆ ವರದಿ ಮಾಡಿದವರು ಮುಂದೆ ನಿಜವಾದ ದೋಷ ಕಂಡಾಗಲೂ ಸುಮ್ಮನಿರುತ್ತಾರೆ. ನಾಲ್ಕು ಹುಸಿ ವರದಿಗಳನ್ನು ತಾಳ್ಮೆಯಿಂದ ಪರಿಶೀಲಿಸಿದವರಿಗೆ ಐದನೆಯ ನಿಜವಾದ ವರದಿ ಸಕಾಲದಲ್ಲಿ ತಲಪುತ್ತದೆ.

ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಂಡು ತಿದ್ದುಪಡಿಯನ್ನು ಕಂಸದಲ್ಲಿ ಸೂಚಿಸುವ ರೂಢಿಯನ್ನು ಕನ್ನಡದ ಗ್ರಂಥಸಂಪಾದಕರು ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದಾರೆ. ಮುಂದಿನ ಓದುಗನಿಗೆ ಮೂಲಕ್ಕೆ ಮರಳುವ ದಾರಿ ತೆರೆದಿರಬೇಕೆಂಬುದು ಅದರ ಆಶಯ. ದತ್ತಸಂಚಯಗಳನ್ನು ಕಟ್ಟುವ, ಕಾಯುವ ಹೊಣೆ ಹೊತ್ತ ಕನ್ನಡ ವಿಭಾಗಗಳು ಈ ರೂಢಿಯನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ತಾಳೆಗರಿಯ ಮುಂದೆ ತೋರುವ ಸಂಯಮವನ್ನು ತೆರೆಯ ಮುಂದೆಯೂ ತೋರಿದರೆ ಸಾಕು.